ಕೊರಳಲ್ಲಿ ಸಿಕ್ಕ ನೀರು

ಹದಿನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿಯ ಕೊರಳನ್ನು ನಾನು ನೆಟ್ಟಗೆ ನೋಡಿರಲೇ ಇಲ್ಲ ಎಂದರೆ ನೀವು ನಗುತ್ತೀರಿ. ನಗಿರಿ, ತಪ್ಪಿಲ್ಲ. ನೋಡಿದವಳು ಬಳೆ ಮಾರುವ ಹುಸೇನಬಿ. ಬಳೆ ಇಡುವವರು ಕೈ ಹಿಡಿದುಕೊಂಡು ಮುಖ ನೋಡುತ್ತ ಕೂರುತ್ತಾರೆ. ಕೈ ನೊಂದರೆ ಮೊದಲು ತಿಳಿಯುವುದು ಮುಖದಲ್ಲಿ. ಹಾಗೆ ಬಳೆ ಇಡಿಸಿಕೊಳ್ಳುವ ನಡುವೆ ನನ್ನ ಹೆಂಡತಿ ಶಾಂತವ್ವ ಒಂದು ಗುಟುಕು ನೀರು ಕುಡಿದಳು.

“ಯವ್ವಾ, ನೀ ನುಂಗಿದ್ರ ಕೊಳ್ಳಾಗ ಏನೋ ಗಂಟು ಏರಿ ಇಳಿತೈತಲ್ಲ! ಸಾಹೇಬರು ನೋಡ್ಯಾರೇನು?” ಎಂದಳು ಹುಸೇನಬಿ.

ಸಾಹೇಬರು, ಅಂದರೆ ಯಲಬುರ್ಗಾ ತಾಲ್ಲೂಕು ಕಚೇರಿಯ ಗುಮಾಸ್ತನಾದ ನಾನು, ಅಲ್ಲೇ ಪೇಪರು ಓದುತ್ತಿದ್ದೆ.

ನಮ್ಮಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಓಣಿಗೆ ಓಣಿಯೇ ವೈದ್ಯಕೀಯಕ್ಕೆ ಇಳಿಯುತ್ತದೆ. ಒಬ್ಬರು ಅರಿಶಿನ ಹಚ್ಚಿ ಎಂದರು, ಇನ್ನೊಬ್ಬರು ಬರೆ ಹಾಕಿಸಿ ಎಂದರು. ಸಂಸ್ಕೃತ ಬಲ್ಲ ಮೇಷ್ಟ್ರು ಮಾತ್ರ, ಇದಕ್ಕೆ ಆಯುರ್ವೇದದಲ್ಲಿ ಗಳಗಂಡವೆಂಬ ಹೆಸರಿದೆ ಎಂದು ತಿಳಿಸಿ ಹೋದರು. ಅದರಿಂದ ಗಂಟೇನೂ ಕರಗಲಿಲ್ಲ. ನನ್ನ ಹೆದರಿಕೆಗೆ ಒಂದಿಷ್ಟು ಪಾಂಡಿತ್ಯ ಸೇರಿತು, ಅಷ್ಟೆ. ಕ್ಯಾನ್ಸರ್ ಎಂಬ ಮಾತನ್ನು ಯಾರೂ ಆಡಲಿಲ್ಲ. ಎಲ್ಲರೂ ಅದನ್ನೇ ನೆನೆಯುತ್ತಿದ್ದರು.

ಹುಬ್ಬಳ್ಳಿಯಲ್ಲಿ ಒಳಗಿನದನ್ನು ಕೊಯ್ಯದೇ ತೋರಿಸುವ ಯಂತ್ರ ಬಂದಿದೆ ಎಂದು ಸುದ್ದಿಯಿತ್ತು. ಎಂಬತ್ತರ ದಶಕದ ನಡುವಿನ ಮಾತು ಇದು. ಬಸ್ಸು ಹತ್ತಿದೆವು. ಅಳವಂಡಿಯಿಂದ ಅವಳ ಅಣ್ಣ ಬಸಪ್ಪನೂ ಬಂದ. ಅವನ ಕಸುಬು ಹೊಲಗಳಲ್ಲಿ ನೀರು ನೋಡುವುದು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾನೆ. ಕಾಯಿ ಎದ್ದು ನಿಂತಲ್ಲಿ ನೀರಿದೆ ಎಂದು ಲೆಕ್ಕ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೂ ಬಾವಿ ತೋಡಿಸುವಾಗ ಅವನನ್ನೇ ಕರೆಸಿದ್ದೆ.

ಡಾಕ್ಟರು ಕೊರಳಿಗೆ ತಣ್ಣನೆಯ ಲೋಳೆ ಸವರಿ, ಅದರ ಮೇಲೆ ಕೈಯಲ್ಲಿದ್ದ ಉಪಕರಣವನ್ನು ಮೆಲ್ಲಗೆ ಆಡಿಸಿದರು. ಪರದೆಯ ಬೂದು ಬಣ್ಣದ ನಡುವೆ ಒಂದು ಕಪ್ಪು ಗುಂಡು ಕಂಡಿತು. ನಾನು ಪಕ್ಕದಲ್ಲಿದ್ದ ಬಸಪ್ಪನ ತೋಳು ಹಿಡಿದುಕೊಂಡೆ.

“ಕಪ್ಪಗ ಕಾಣೂದು ನೀರು ನೋಡ್ರಿ. ಅಂಚೂ ನುಣ್ಣಗೈತಿ. ಗಟ್ಟಿ ಗಂಟಾಗಿದ್ರ ಸಂಶಯ ಹೆಚ್ಚಿತ್ತು,” ಎಂದರು ಡಾಕ್ಟರು.

ಬಸಪ್ಪ ಕೈ ಮುಗಿದೇಬಿಟ್ಟ. ಚೀಲದಿಂದ ತೆಂಗಿನಕಾಯಿ ತೆಗೆದು, ಒಡೆಯಲು ಕಲ್ಲಿಗಾಗಿ ಆ ನುಣುಪು ನೆಲವನ್ನೆಲ್ಲ ಹುಡುಕತೊಡಗಿದ.

“ನೀರು ಬಿದ್ದಲ್ಲಿ ಕಾಯಿ ಒಡಿಬೇಕ್ರಿ ಡಾಕ್ಟರ, ನಮ್ಮ ಪದ್ಧತಿ!”

“ತಡೀರಿ ಯಜಮಾನ್ರ, ನೀರು ಸಿಹಿ ಐತೋ ಸವಳೋ ನೋಡಬೇಕಲ್ಲ?” ಎಂದು ನಕ್ಕರು ಡಾಕ್ಟರು. ಚಿತ್ರ ಧೈರ್ಯ ಕೊಡುತ್ತದೆ, ತೀರ್ಪು ಕೊಡುವುದಿಲ್ಲ ಎಂದು ವಿವರಿಸಿ, ಸೂಜಿಯಿಂದ ಒಂದಿಷ್ಟು ನೀರು ಸೆಳೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಎಂಟು ದಿನ ಕಾಯಬೇಕಿತ್ತು.

ಆ ಎಂಟು ದಿನ ಶಾಂತವ್ವ ಸಂಜೆಯಾದರೆ ನನ್ನನ್ನು ಒಲೆಯ ಮುಂದೆ ಕೂರಿಸಿ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದಳು. ನನ್ನ ರೊಟ್ಟಿಗೆ ನಾಲ್ಕೂ ದಿಕ್ಕಿಗೆ ಗಡಿ ತಕರಾರು. ಅವಳು ಬೈದಳು, ನಾನು ಗೊಣಗಿದೆ. ಇದೇನು ಹೊಸ ಹುಚ್ಚು ಎಂದು ಮೂರನೆಯ ದಿನ ಕೇಳಿದೆ.

“ನಾಳೆ ಮಕ್ಕಳು ಮಂದಿ ಬಾಗಲಾಗ ನಿಂದರಬಾರದು ನೋಡ್ರಿ,” ಎಂದಳು, ಹಿಟ್ಟಿನಿಂದ ಕಣ್ಣು ಎತ್ತದೆ.

ಅವಳಿಗೆ ನಾನೇ ಧೈರ್ಯ ಹೇಳುತ್ತಿದ್ದೇನೆಂದು ತಿಳಿದಿದ್ದೆ. ಅವಳು ತಾನಿಲ್ಲದ ಮನೆಯನ್ನು ಆಗಲೇ ಓರಣ ಮಾಡುತ್ತಿದ್ದಳು. ಆಮೇಲೆ ಗೊಣಗಲಿಲ್ಲ. ಕೈ ಸುಟ್ಟರೂ ಬಡಿದೆ.

ಒಂಬತ್ತನೆಯ ದಿನ ಹುಬ್ಬಳ್ಳಿಯಲ್ಲಿ ಡಾಕ್ಟರು ಕಾಗದ ಓದಿ, ಕೆಟ್ಟದ್ದೇನೂ ಇಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ದಾರಿಯುದ್ದಕ್ಕೂ ಶಾಂತವ್ವ ಕಿಟಕಿಯಾಚೆ ನೋಡುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಧೂಳಿನ ನೆಪ ಹೇಳಿ.

ಮನೆಗೆ ಬಂದು ಹಗುರಾಗಿ ಕೇಳಿದೆ, “ಇನ್ನ ನಾ ರೊಟ್ಟಿ ಕಲಿಯೂದು ಬ್ಯಾಡಲ್ಲ?”

“ಅವಾಗ ಅವಸರ ಇತ್ತು, ಅದಕ್ಕ ಬೈದೆ,” ಎಂದಳು ಹಿಟ್ಟಿನ ಡಬ್ಬಿ ಇಳಿಸುತ್ತ. “ಈಗ ಪುರಸೊತ್ತು ಐತಿ. ಕುಂಡ್ರಿ, ಸಾವಕಾಶ ಕಲಿಸ್ತೀನಿ.”

ಕೂತೆ.