ಬಿನ್ನೆತ್ತಿಯ ಕೌದಿ

ನಮ್ಮ ಕಡೆ ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಮುಗಿಸುವುದಿಲ್ಲ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುತ್ತ ಬಂದು, ಕೊನೆಯ ಮೂಲೆಯನ್ನು ಮುಚ್ಚುವ ಮುಂಚೆ ಅದರೊಳಗೆ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿಗೆ ಹಾಕುತ್ತೇವೆ. ಈಗ ನನ್ನ ತೊಡೆಯ ಮೇಲಿರುವ ಕೌದಿ ಬೆಕ್ಕಿಗೆ ಹೊದಿಸುವಷ್ಟು ಸಣ್ಣದು. ಯಾರಿಗೆ ಎಂದು ಕೇಳುತ್ತೀರಿ. ಶಾಲೆಗೆ ಹೋಗುವ ಕೂಸಿಗೆ, ಶಾಲೆಯಲ್ಲಿ ಮಲಗುವುದಕ್ಕೆ.

ನಗಬೇಡಿ. ಮೊದಲು ನಾನೂ ನಕ್ಕಿದ್ದೆ.

ಒಂದನೇ ಇಯತ್ತೆಗಿಂತ ಮೊದಲಿನ, ಎಣಿಕೆಗೆ ಸೇರದ ಇಯತ್ತೆಗೆ ನಮ್ಮಲ್ಲಿ ಬಿನ್ನೆತ್ತಿ ಎನ್ನುತ್ತಾರೆ. ಬಾಗೇವಾಡಿಯಿಂದ ನಿಡಗುಂದಿಗೆ ಹೋಗುವ ದಾರಿಯ ನಮ್ಮೂರಿನಲ್ಲಿ ಅದು ಮಧ್ಯಾಹ್ನದ ಗಂಟೆಗೇ ಬಿಡುತ್ತಿತ್ತು. ರಹಿಮತಬಿ ಅಕ್ಕೋರು ಕಲಿಸಲು ಶಾಲೆಗೆ ಬಂದ ಮೇಲೆ ಅದನ್ನು ಸಂಜೆಯವರೆಗೆ ನಡೆಸತೊಡಗಿದರು. ಬೆಳಗ್ಗೆ ಉಸುಕಿನಲ್ಲಿ ಅಕ್ಷರ ತಿದ್ದುವುದು, ಮಧ್ಯಾಹ್ನ ಬುತ್ತಿ, ಆಮೇಲೆ ಮನೆಯ ಕೌದಿಯ ಮೇಲೆ ಒಂದು ನಿದ್ದೆ, ಎದ್ದು ಮುಖ ತೊಳೆದ ಮೇಲೆ ಹಾಡು, ಹುಣಸೆ ಬೀಜದ ಲೆಕ್ಕ. ನಿದ್ದೆ ಮಾಡುವ ಶಾಲೆ ಎಂದು ಊರೆಲ್ಲ ಆಡಿಕೊಂಡಿತು.

ಆದರೆ ಮಧ್ಯಾಹ್ನಕ್ಕೆ ಮನೆಗೆ ಬಂದ ಹುಡುಗಿಯ ಗತಿ ಏನೆಂದು ನನಗೆ ಗೊತ್ತಿತ್ತು. ತಾಯಿ ಹತ್ತಿ ಬಿಡಿಸಲು ಹೋಗಿರುತ್ತಾಳೆ. ತೊಟ್ಟಿಲ ಕೂಸು ಹುಡುಗಿಯ ಸೊಂಟಕ್ಕೆ ಏರುತ್ತದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಬೆಳಗ್ಗೆಯೂ ಇಳಿಯುವುದಿಲ್ಲ. ಶಾಲೆ ಬಿಟ್ಟಳು ಎಂದು ಯಾರೂ ಹೇಳುವುದಿಲ್ಲ, ಯಾಕೆಂದರೆ ಬಿಟ್ಟ ದಿನ ಯಾವುದೆಂದು ಯಾರಿಗೂ ತಿಳಿದಿರುವುದಿಲ್ಲ. ನನ್ನ ಸೊಂಟ ಇವತ್ತಿಗೂ ಎಡಕ್ಕೆ ವಾಲಿದೆ. ಅದು ನನ್ನ ತಮ್ಮನನ್ನು ಹೊತ್ತ ಗುರುತು. ನನಗೆ ಗೀಚಲು ಬರುವ ಅಕ್ಷರಗಳೆಲ್ಲ ಮೊಮ್ಮಗಳು ಸುಶೀಲಾ ಬಿನ್ನೆತ್ತಿಯಲ್ಲಿ ಕಲಿತು ಬಂದು ನನಗೆ ದಾನ ಮಾಡಿದವು.

ಸುಶೀಲಾ ಬಿನ್ನೆತ್ತಿಯಲ್ಲಿದ್ದ ವರ್ಷವೇ ಶಾಲೆ ತಪಾಸಣೆ ಮಾಡುವ ದಿಪೋಟಿ ಸಾಹೇಬರು ಬರುವ ಸುದ್ದಿ ಹಬ್ಬಿತು. ಶಾಲೆಯ ಮಟ್ಟ ಇಳಿದಿದೆಯಂತೆ, ಬಿನ್ನೆತ್ತಿಯನ್ನು ಮೊದಲಿನಂತೆ ಅರ್ಧ ದಿನಕ್ಕೆ ನಿಲ್ಲಿಸುತ್ತಾರಂತೆ. ಮಗ್ಗುಲ ಮನೆಯ ಗಂಗವ್ವ ಓಡಿ ಬಂದಳು.

“ಯಕ್ಕಾ, ಸಾಹೇಬ ಬಂದಾಗ ಹುಡುಗೋರು ಗೊರಕಿ ಹೊಡಕೋತ ಬಿದ್ದಿದ್ರ ನಮ್ಮ ಸಾಲಿ ಮುಗೀತ ನೋಡು!”

ಹೆಂಗಸರೆಲ್ಲ ಸೇರಿ ಬುದ್ಧಿವಂತಿಕೆ ಮಾಡಿದೆವು. ಸಾಹೇಬರು ಬರುವ ದಿನ ಬೆಳಗ್ಗೆ, ಅಕ್ಕೋರು ಬರುವ ಮುಂಚೆ, ಶಾಲೆಯ ಮೂಲೆಯಲ್ಲಿದ್ದ ಕೌದಿಗಳನ್ನೆಲ್ಲ ಎತ್ತಿ ತಂದು ನನ್ನ ಮನೆಯಲ್ಲಿ ಬಚ್ಚಿಟ್ಟೆವು. ಕೌದಿ ಇಲ್ಲದಿದ್ದರೆ ನಿದ್ದೆಯೂ ಬರುವುದಿಲ್ಲ ಎಂಬುದು ನಮ್ಮ ಲೆಕ್ಕ. ಉಳಿದವರು ಹೊಲಕ್ಕೆ ಹೋದರು.

ಬುತ್ತಿಯ ಹೊತ್ತು ಮೀರಿತು. ಶಾಲೆಯ ಕಡೆಯಿಂದ ಎರಡು ಓಣಿ ದಾಟಿ ಅಳು ಕೇಳಿಸಿತು. ಸುಶೀಲಾಳ ತಂಗಿ, ಹಾಲು ಕುಡಿಯುವ ಕೂಸು ಪಾರ್ವತಿಯನ್ನು ಸೊಂಟಕ್ಕೆ ಏರಿಸಿ ನಾನು ಶಾಲೆಗೆ ಓಡಿದೆ. ಬಸ್ಸಿಳಿದು ಬಂದ ಸಾಹೇಬರು ಕುರ್ಚಿಯಲ್ಲಿ ಕುಳಿತಿದ್ದರು. ಎದುರಿಗೆ ಮಕ್ಕಳು ತೂಕಡಿಸಿ, ತಲೆಗೆ ತಲೆ ಬಡಿದು, ಒಂದನ್ನು ಕಂಡು ಇನ್ನೊಂದು ಅಳುತ್ತಿದ್ದವು.

“ಇದೇನ್ರಿ ಅಕ್ಕೋರ, ಸಾಲಿನೋ ಸಂತಿನೋ? ಮಧ್ಯಾಹ್ನದ ಮ್ಯಾಲೆ ಇವು ಕಲಿಯೂದರ ಏನೈತಿ? ಮನಿಗೆ ಬಿಟ್ಟುಬಿಡ್ರಿ.”

ಅಕ್ಕೋರು ಒಂದು ಕೂಸಿನ ಮೂಗು ಒರೆಸುತ್ತಿದ್ದರು. ನನ್ನನ್ನು ಕಂಡು, “ಆಯೀ, ಕೌದಿ ಎಲ್ಲಿ ಹೋದೂವ?” ಎಂದರು.

“ನಮ್ಮ ಮನ್ಯಾಗ ಅದಾವ್ರಿ. ನಿಮ್ಮ ಮಾನ ಉಳಸಾಕ ಹೋಗಿ ಕಳದೀವಿ. ಸಾಹೇಬ್ರ, ಇವು ನಿದ್ದಿಗೆಟ್ಟ ಅಳಾಕತ್ತಾವ್ರಿ. ಒಂದೀಟ ಮಲಗಲಿ, ಆಮ್ಯಾಲ ಕೇಳ್ರಿ.”

“ಆತು, ನನ್ನ ಬಸ್ಸಿಗಿ ಹೆಂಗೂ ಇನ್ನೂ ಹೊತ್ತೈತಿ, ಆಯಿ,” ಎಂದು ಸಾಹೇಬರು ಗಂಟುಮೋರೆಯಲ್ಲೇ ಬುತ್ತಿ ಬಿಚ್ಚಿದರು.

ಕೌದಿಗಳನ್ನು ತಲೆಯ ಮೇಲೆ ಹೊತ್ತು ತಂದು ಹಾಸಿದೆ. ಮಕ್ಕಳು ಕಡಿದು ಹಾಕಿದ ಜೋಳದ ಕಣಿಕೆಯಂತೆ ಬಿದ್ದವು. ಎಬ್ಬಿಸಿದ ಮೇಲೆ ದೊಡ್ಡ ಪವಾಡವೇನೂ ಆಗಲಿಲ್ಲ. ಸುಶೀಲಾ ಉಸುಕಿನಲ್ಲಿ ನಾಲ್ಕಾರು ಅಕ್ಷರ ಸರಿಯಾಗಿ ತಿದ್ದಿ ಮುಂದೆ ತಡವರಿಸಿದಳು. ಗಂಗವ್ವನ ಮಗಳು ಬೀಜ ಎಣಿಸುತ್ತ ಒಂದನ್ನು ಬಾಯಿಗೆ ಹಾಕಿಕೊಂಡಳು. ಸಾಹೇಬರು ಪೆನ್ನು ತೆಗೆದರು. ಬರೆಯುವ ಮುಂಚೆ ಅವರು ಮಕ್ಕಳನ್ನೆಲ್ಲ ಸುಮ್ಮನೆ ಕೇಳಿದರು:

“ಮಧ್ಯಾಹ್ನಕ್ಕ ಸಾಲಿ ಬಿಟ್ರ ಮನ್ಯಾಗ ಏನ ಮಾಡ್ತೀರಿ?”

“ತಮ್ಮನ್ನ ಹೊತ್ಕೋತೇನ್ರಿ.”

“ನಾನೂ ತಮ್ಮನ್ನರಿ.”

“ಎಮ್ಮಿ ಕಾಯ್ತೇನ್ರಿ.”

ಸುಶೀಲಾ ನನ್ನ ಸೊಂಟದ ಕಡೆ ಬೆರಳು ತೋರಿಸಿದಳು. “ಅಕೀನ್ನ.”

ಸಾಹೇಬರು ಕೂಸನ್ನು ನೋಡಿದರು, ಸುಶೀಲಾಳನ್ನು ನೋಡಿದರು. ಎರಡರ ಗಾತ್ರದ ನಡುವೆ ಅಂತರ ಬಹಳ ಇರಲಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿ ಎದ್ದರು. “ಈ ವರ್ಷ ನಡೀಲಿ. ಬರೂ ವರ್ಷ ನೋಡೂಣು.”

ಆ ‘ನೋಡೂಣು’ ಎಂಬ ಮಾತಿನ ಕೆಳಗೆ ನಾನು ಇಷ್ಟು ವರ್ಷ ಬದುಕಿದ್ದೇನೆ. ಮಲಗಿದ್ದರಿಂದ ಅಕ್ಷರ ಬಂತು ಎಂದು ನಾನು ಹೇಳುವವಳಲ್ಲ. ಅದನ್ನು ಕಲಿತವರು ಹೇಳಲಿ. ಶಾಲೆಯ ಮಟ್ಟವನ್ನು ಎಷ್ಟು ಅಕ್ಷರ ಬಂತು ಎಂಬುದರಿಂದ ಅಳೆಯುತ್ತಾರೆ, ಅಳೆಯಲಿ. ಆದರೆ ಎಷ್ಟು ಹುಡುಗಿಯರ ಸೊಂಟ ಬರಿದಾಗಿತ್ತು ಎಂದೂ ಒಮ್ಮೆ ನೋಡಬೇಕು. ಕೈ ಎರಡೂ ಕೂಸಿಗೆ ಅಂಟಿಕೊಂಡಿದ್ದರೆ ಉಸುಕಿನ ಮೇಲೆ ಬೆರಳು ಆಡುವುದು ಎಲ್ಲಿಂದ?

ಸುಶೀಲಾ ಈಗ ದೊಡ್ಡ ಇಯತ್ತೆಯಲ್ಲಿದ್ದಾಳೆ. ಅವಳ ಕೌದಿ ಹರಿದು ಹೋಯಿತು. ಆವತ್ತು ನನ್ನ ಸೊಂಟದ ಮೇಲಿದ್ದ ಪಾರ್ವತಿ ನಾಳೆ ಬಿನ್ನೆತ್ತಿಗೆ ಹೋಗಬೇಕು. ದಿಪೋಟಿ ಸಾಹೇಬರು ಬದಲಾಗಿದ್ದಾರೆ; ಹೊಸಬರು ಎಂಥವರೋ, ಮಧ್ಯಾಹ್ನದ ಗಂಟೆಗೆ ಮತ್ತೆ ಮಕ್ಕಳನ್ನು ಮನೆಗೆ ಅಟ್ಟುತ್ತಾರೋ ತಿಳಿಯದು. ರೊಟ್ಟಿಯ ಚೂರು ಕೈಯಲ್ಲಿ ಹಿಡಿದು ಕೊನೆಯ ಮೂಲೆ ಮುಚ್ಚಬೇಕೆನ್ನುವಷ್ಟರಲ್ಲಿ ತೊಟ್ಟಿಲಲ್ಲಿ ಇವರಿಬ್ಬರ ಬೆನ್ನಿಗೆ ಹುಟ್ಟಿದ ಮೂರನೆಯ ಕೂಸು ಅತ್ತಿತು. ಯಾರೂ ಹೇಳದೆಯೇ ಪಾರ್ವತಿ ಎದ್ದು ಹೋಗಿ, ಅದನ್ನು ಎತ್ತಿ, ಸೊಂಟವನ್ನು ಒಂದು ಪಕ್ಕಕ್ಕೆ ವಾಲಿಸಿ ಅದರ ಮೇಲೆ ಕೂರಿಸಿಕೊಂಡಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

“ಇಳಸ ಕೆಳಗ,” ಎಂದು ಗದರಿದೆ.

ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಕೂಸನ್ನು ನಾನೇ ಎತ್ತಿಕೊಂಡೆ. ಹೇಗೂ ವಾಲಿದ ಸೊಂಟ ಇದು. ಮೂಲೆ ಇನ್ನೂ ತೆರೆದೇ ಇದೆ. ಕೂಸು ಮಲಗಿದ ಮೇಲೆ ಹೊಲಿಯುತ್ತೇನೆ.