ಜನವರಿಯಲ್ಲಿ ಬಿಚ್ಚಿದ ಹಾಸಿಗೆ

ನಮ್ಮ ಪೀಸಾ ಊರಲ್ಲಿ ಆರ್ನೋ ನದಿಗೆ ಒಂದು ಬಿಸಿಲಿನ ದಂಡೆ, ಒಂದು ನೆರಳಿನ ದಂಡೆ. ಬಿಸಿಲಿನ ದಂಡೆಯ ದೊಡ್ಡ ಮನೆಗಳಲ್ಲಿ ಚಳಿಗಾಲದ ಇಂಗ್ಲಿಷರು, ನೆರಳಿನ ದಂಡೆಯ ಹಿಂದಿನ ಓಣಿಗಳಲ್ಲಿ ನಾವು. ಹಾಸಿಗೆ ಮಾಡುವ ಓಲಿವಾ ನಮ್ಮ ಓಣಿಯವಳು. ದೋಣಿ ನಡೆಸುತ್ತಿದ್ದ ಗಂಡನನ್ನು ಪ್ರವಾಹ ತೆಗೆದುಕೊಂಡು ಹೋಗಿತ್ತು, ಮಕ್ಕಳಿರಲಿಲ್ಲ. ಒಂದು ಜೊತೆ ಬೆತ್ತ, ಒಂದು ದಬ್ಬಣ, ಉಣ್ಣೆ ಹಿಂಜುವ ಮುಳ್ಳುಹಲಗೆ, ಇವೇ ಅವಳ ಬದುಕು.

ಮೇ ತಿಂಗಳು ಬಂತೆಂದರೆ ಮನೆಮನೆಯವರೂ ಹಾಸಿಗೆಯನ್ನು ಅಂಗಳಕ್ಕೆ ಎಳೆದು ಓಲಿವಾಗೆ ಹೇಳಿ ಕಳಿಸುತ್ತಿದ್ದರು. ಅವಳು ಹೊಲಿಗೆ ಬಿಚ್ಚಿ, ಉಣ್ಣೆ ಹರಡಿ, ಎರಡು ಕೈಯಲ್ಲೂ ಬೆತ್ತ ಹಿಡಿದು ಬಡಿಯುತ್ತಿದ್ದಳು. ಬಡಿಯುತ್ತಲೇ ಬಾಯಿಗೂ ಕೆಲಸ.

"ನೋಡು ನುಂಜಿಯಾ, ನಿನ್ನ ಹಾಸಿಗೇಲಿ ನಟ್ಟನಡುವೆ ಹಳ್ಳ ಬಿದ್ದಿದೆ. ಸಂಸಾರ ಚೆನ್ನಾಗಿದೆ ಬಿಡು. ನಿನ್ನ ನಾದಿನಿ ಹಾಸಿಗೇಲಿ ಎರಡು ಕಡೆ ಎರಡು ಹಳ್ಳ, ಮಧ್ಯ ಗುಡ್ಡ."

ಮೇ ತಿಂಗಳ ದುಡಿಮೆಯಲ್ಲೇ ಅವಳ ವರ್ಷದ ಊಟ. ಚಳಿಗಾಲದಲ್ಲಿ ಯಾರೂ ಹಾಸಿಗೆ ಬಿಚ್ಚುತ್ತಿರಲಿಲ್ಲ, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಮಾತ್ರ. ಡಿಸೆಂಬರು, ಜನವರಿಯಲ್ಲಿ ಓಲಿವಾ ಬೆತ್ತ ಹಿಡಿದು ಹೊರಟಳೆಂದರೆ ಎದುರಾದ ಗಂಡಸರು ಟೊಪ್ಪಿ ತೆಗೆಯುತ್ತಿದ್ದರು. ಕ್ಷಯದಿಂದ ಸತ್ತವರ ಹಾಸಿಗೆಯನ್ನಂತೂ ಅವಳೂ ಮುಟ್ಟುವಂತಿರಲಿಲ್ಲ. ಅದು ಊರಗೋಡೆಯ ಆಚೆ ಬೆಂಕಿಗೆ. ಜೊತೆಗೆ ಆ ಕೋಣೆಯ ಪರದೆ, ಮಂಚ, ಕುರ್ಚಿ. ಗೋಡೆಯ ಸುಣ್ಣವನ್ನೂ ಕೆರೆದು ತೆಗೆಯಬೇಕು. ನಮ್ಮಲ್ಲಿ ಅಜ್ಜಂದಿರ ಕಾಲದಿಂದ ಬಂದ ಕಟ್ಟಳೆ ಅದು.

ಹಾಗಿರುವಾಗ ಇಂಗ್ಲಿಷರು ಎದೆರೋಗ ಹೊತ್ತುಕೊಂಡು ನಮ್ಮ ಊರಿಗೇ ಯಾಕೆ ಬರುತ್ತಿದ್ದರು? ಅವರ ಡಾಕ್ಟರುಗಳು ಪುಸ್ತಕ ಬರೆಯುತ್ತಿದ್ದರು. ಯಾವ ಊರಿನ ಗಾಳಿ ಯಾವ ಎದೆಗೆ ಒಗ್ಗುತ್ತದೆ, ಎಲ್ಲಿ ಯಾವ ತಿಂಗಳು ಇರಬೇಕು, ಏನು ಹೊದೆಯಬೇಕು, ಎಷ್ಟು ಹೊತ್ತು ಗಾಡಿಯಲ್ಲಿ ತಿರುಗಬೇಕು. ನೀಸ್ ಊರಿನ ಗಾಳಿ ಒಣಗಾಳಿ, ಚುಚ್ಚುತ್ತದೆ. ಪೀಸಾದ ಗಾಳಿ ಮೆತ್ತಗೆ, ಕೆಮ್ಮನ್ನು ತಣಿಸುತ್ತದೆ. ಹುಟ್ಟಿದಾಗಿನಿಂದ ಆ ಗಾಳಿಯನ್ನೇ ಕುಡಿಯುತ್ತಿದ್ದ ನಮಗೆ ಅದಕ್ಕೊಂದು ಗುಣವಿದೆ ಎಂದು ಅವರು ಹೇಳಿದ ಮೇಲೇ ಗೊತ್ತಾದದ್ದು. ಡಾಕ್ಟರ್ ಹಾಲ್ಸಿ ಎಂಬಾತ ಅಂಥದ್ದೇ ಪುಸ್ತಕ ಬರೆಯಲು ಬಂದವನು ಇಲ್ಲೇ ನಿಂತುಬಿಟ್ಟಿದ್ದ. ಕಿಟಕಿಯ ಹೊರಗೆ ಥರ್ಮಾಮೀಟರು ನೇತುಹಾಕಿಕೊಂಡು, ಬೀದಿಯಲ್ಲಿ ಕಂಡಕಂಡವರನ್ನು ನಿಲ್ಲಿಸಿ, "ನಿಮ್ಮಜ್ಜಿ ಎಷ್ಟು ವರ್ಷ ಬದುಕಿದ್ರು? ನೆಗಡಿ ಆಗ್ತಿತ್ತಾ?" ಎಂದು ಕೇಳುತ್ತಿದ್ದ. ಒಳ್ಳೆಯ ಮನುಷ್ಯ.

ಒಂದು ಅಕ್ಟೋಬರದಲ್ಲಿ ಬಿಸಿಲಿನ ದಂಡೆಯ ಸೆವೆರಿನಾ ಓಲಿವಾಳನ್ನು ಕರೆಸಿದಳು. ವಿಧವೆ ಸೆವೆರಿನಾ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಹೊಸದಾಗಿ ಬಂದಿದ್ದವನು ಥರ್ಸ್‌ಬಿ ಎಂಬ ಹುಡುಗಪ್ರಾಯದವನು, ತನ್ನೂರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವನು. ಗರಿ ತುಂಬಿದ ಹಾಸಿಗೆ ಎದೆರೋಗದವರಿಗೆ ಕೆಡುಕು, ಉಣ್ಣೆಯದೇ ಆಗಬೇಕು ಎಂದು ಹಾಲ್ಸಿ ಅಪ್ಪಣೆ ಕೊಟ್ಟಿದ್ದ. ಓಲಿವಾ ಅಂಗಳದಲ್ಲಿ ಉಣ್ಣೆ ಬಡಿಯುತ್ತಿದ್ದರೆ ಅವನು ಶಾಲು ಹೊದ್ದು ಬಿಸಿಲಲ್ಲಿ ಕೂತು ಬೆರಳಲ್ಲಿ ತಾಳ ಹಾಕುತ್ತಿದ್ದ. ನಮ್ಮ ಮಾತನ್ನು ಬೀದಿಯಲ್ಲೇ ಕಲಿತಿದ್ದ.

"ಓಲಿವಕ್ಕ, ಮತ್ತೆ ಇದನ್ನ ಬಿಚ್ಚೋದು ಯಾವಾಗ?"

"ಮೇನಲ್ಲಿ."

"ಅಷ್ಟರಲ್ಲಿ ಗಂಟು ಕಟ್ಕೊಂಡ್ರೆ?"

"ಗಂಟಿನ ಮೇಲೇ ಮಲಗ್ಬೇಕು. ಚಳಿಗಾಲದಲ್ಲಿ ನಾನು ಬೆತ್ತ ಹಿಡ್ಕೊಂಡು ಬಂದೆ ಅಂದ್ರೆ ಆ ಮನೇಲಿ ಒಬ್ರು ಕಮ್ಮಿ ಆದ್ರು ಅಂತ ಅರ್ಥ."

ಅವನು ನಕ್ಕ, ನಕ್ಕು ಕೆಮ್ಮಿದ. "ಹಾಗಾದ್ರೆ ದಯವಿಟ್ಟು ಮೇವರೆಗೂ ಬರ್ಬೇಡಿ."

"ಬರಲ್ಲ ಕಣಪ್ಪ."

ಜನವರಿಯಲ್ಲಿ ಬೆಟ್ಟದ ಕಡೆಯ ಗಾಳಿ ಬೀಸಿತು. ಪುಸ್ತಕದಲ್ಲಿದ್ದ ಮೆತ್ತನೆಯ ಗಾಳಿಯನ್ನು ಅದು ಎಲ್ಲಿಗೆ ಓಡಿಸಿತೋ, ಥರ್ಸ್‌ಬಿ ಹಾಸಿಗೆ ಹಿಡಿದ. ಕೆಮ್ಮಿದರೆ ರಕ್ತ. ಸೆವೆರಿನಾ ನಮ್ಮ ಓಣಿಗೆ ತಾನೇ ನಡೆದುಕೊಂಡು ಬಂದಳು. ಓಲಿವಾ ಒಲೆಯ ಮುಂದೆ ಕಡಲೆಹಿಟ್ಟಿನ ರೊಟ್ಟಿ ತಿನ್ನುತ್ತಿದ್ದಳು.

"ಅವನು ನನ್ನ ಮನೇಲಿ ಹೋದ್ರೆ ಅರ್ಧ ಮನೆ ಸುಡ್ಬೇಕು ಓಲಿವಾ. ಹೋಗು ಅಂದ್ರೆ ಡಾಕ್ಟ್ರು ಬಿಡಲ್ಲ. ನೀನು ಬಾ. ಗಂಟು ಕಟ್ಟಿದೆ, ಹಿಂಜಿ ನಾಳೆ ತರ್ತೀನಿ ಅಂತ ಹೇಳಿ ಹಾಸಿಗೆ ಎತ್ಕೊಂಡು ಹೋಗು. ನಾಳೆ ತರ್ಬೇಡ. ಬರೀ ಹಲಗೆ ಮೇಲೆ ಎಷ್ಟು ದಿನ ಇರ್ತಾನೆ? ಲಿವೋರ್ನೋಗೆ ಹೊರಡ್ತಾನೆ. ಅಲ್ಲಿ ಅವರ ಹಡಗುಗಳಿದಾವೆ."

"ದಾರೀಲೇ ಹೋಗ್ಬಿಟ್ರೆ?"

"ದಾರಿ ಯಾರ ಮನೇನೂ ಅಲ್ವಲ್ಲ."

ಓಲಿವಾ ರೊಟ್ಟಿ ಕೆಳಗಿಟ್ಟಳು.

"ಮುಖ ಯಾಕೆ ಹಾಗೆ ಮಾಡ್ತೀಯ?" ಎಂದಳು ಸೆವೆರಿನಾ. "ಮೇನಲ್ಲಿ ನಿನ್ನ ಕರೆಯೋ ಮನೆಗಳೆಲ್ಲ ನನ್ನ ನೆಂಟರದ್ದೇ. ನಾನು ಒಂದು ಮಾತು ಅಂದ್ರೆ ಒಬ್ಬರೂ ಕರೆಯಲ್ಲ."

ಮಾರನೆಯ ದಿನ ಓಲಿವಾ ಬೆತ್ತ ಹಿಡಿದು ಸೇತುವೆ ದಾಟಿದಳು. ಎದುರಾದವರು ಟೊಪ್ಪಿ ತೆಗೆದರು. ಸೆವೆರಿನಾ ಹೇಳಿದಂತೆ ಹಾಸಿಗೆ ಹೊತ್ತುಕೊಂಡು ಬಂದುಬಿಡುವುದೆಂದೇ ಅವಳು ಹೋದದ್ದು. ಮುಂದೆ ಎಷ್ಟೋ ವರ್ಷ ಕಳೆದ ಮೇಲೂ ಆ ಮಾತನ್ನು ಅವಳು ಮುಚ್ಚಿಡಲಿಲ್ಲ.

ಕೋಣೆಯಲ್ಲಿ ಹಾಲ್ಸಿ ರೋಗಿಯ ಕೈ ಹಿಡಿದು ನಾಡಿ ನೋಡುತ್ತಿದ್ದ. ಥರ್ಸ್‌ಬಿ ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಬೆತ್ತವನ್ನು. ಆಮೇಲೆ ಮೆಲ್ಲಗೆ ಕೇಳಿದ.

"ಓಲಿವಕ್ಕ, ಮೇ ಬಂದ್ಬಿಡ್ತಾ?"

ಓಲಿವಾ ಬೆತ್ತವನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಳು.

"ಬಂತು ಕಣಪ್ಪ," ಎಂದಳು. "ಈ ವರ್ಷ ಬೇಗ ಬಂತು. ನೀನು ಮಲಗಿರೋ ರೀತಿ ನೋಡಿದ್ರೆ ಇಡೀ ಹಾಸಿಗೆ ಗಂಟೇ ಆಗಿರ್ಬೇಕು. ಏಳು, ಆ ಕುರ್ಚೀಲಿ ಕೂತ್ಕೋ. ಕತ್ತಲಾಗೋದ್ರೊಳಗೆ ಹಾಸ್ಕೊಡ್ತೀನಿ."

ಹಾಲ್ಸಿ ಅವನನ್ನು ಎತ್ತಿ ಕಿಟಕಿಯ ಹತ್ತಿರ ಕೂರಿಸಿದ. ಹಾಸಿಗೆಯ ಒಂದು ತುದಿಯನ್ನು ಓಲಿವಾ ಹಿಡಿದಳು, ಇನ್ನೊಂದನ್ನು ಡಾಕ್ಟರೇ ಹಿಡಿದ. ಮೆಟ್ಟಿಲಿಳಿಯುವಾಗ ಅವನು ಕೇಳಿದ, "ಇದನ್ನ ಮುಟ್ಟೋಕೆ ನಿಮಗೆ ಭಯ ಇಲ್ವೇನಮ್ಮ?"

"ಇದೆ. ನಿಮಗೆ?"

"ಇದು ಅಂಟುತ್ತೆ ಅಂತ ನನ್ನ ಪುಸ್ತಕದಲ್ಲಿ ಇಲ್ಲ," ಎಂದ ಹಾಲ್ಸಿ.

ಅವಳು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಬಡಿಯತೊಡಗಿದಳು. ಜನವರಿಯಲ್ಲಿ ಬೆತ್ತದ ಸದ್ದು ಕೇಳಿ ಬೀದಿಯ ಹೆಂಗಸರು ಶಿಲುಬೆ ಗುರುತು ಹಾಕಿಕೊಂಡು ತಲೆಯೆತ್ತಿದರೆ, ಸತ್ತನೆಂದುಕೊಂಡವನು ಮೇಲಿನ ಕಿಟಕಿಯಲ್ಲಿ ಕೂತು ಅಂಚಿನ ಮೇಲೆ ತಾಳ ಹಾಕುತ್ತಿದ್ದ. ಬಿಸಿಲು ಇಳಿಯುವ ಹೊತ್ತಿಗೆ ಹೂವಿನಂಥ ಹಾಸಿಗೆ ಮತ್ತೆ ಮೇಲೆ ಹೋಯಿತು. ಬಾಗಿಲಲ್ಲಿ ಸೆವೆರಿನಾ ದಾರಿ ಬಿಟ್ಟಳು, ಡಾಕ್ಟರು ಜೊತೆಗಿದ್ದನಲ್ಲ. ಆದರೆ ಓಲಿವಾ ಹೊರಟಾಗ ಸೆವೆರಿನಾ ಅವಳಿಗೆ ಹೇಳಿದಳು:

"ನಿನ್ನ ಮೇ ಇವತ್ತೇ ಮುಗೀತು, ತಿಳ್ಕೋ."

ಥರ್ಸ್‌ಬಿ ಮಾರ್ಚ್ ಕೊನೆಯವರೆಗೆ ಇದ್ದ. ಅದೇ ಹಾಸಿಗೆಯ ಮೇಲೆ, ಬಿಸಿಲು ಬರುವ ಕಿಟಕಿಯ ಪಕ್ಕದಲ್ಲಿ ಹೋದ. ಹಾಸಿಗೆಯನ್ನು ಗೋಡೆಯಾಚೆ ಸುಡಲು ಕೊಂಡೊಯ್ದಾಗ ಓಲಿವಾ ಅಡ್ಡ ಬರಲಿಲ್ಲ, ತಾನೂ ಜೊತೆಗೆ ನಡೆದಳು. ಸುಡುವುದು ಬರೀ ಅಜ್ಞಾನ ಎನ್ನುತ್ತಿದ್ದ ಹಾಲ್ಸಿಯೂ ಬಂದು, ಟೊಪ್ಪಿ ಕೈಯಲ್ಲಿ ಹಿಡಿದು, ಹೊಗೆ ಆರುವವರೆಗೆ ನಿಂತಿದ್ದ.

ಮೇ ಬಂತು, ನಿಜವಾದ ಮೇ. ಕ್ಷಯದ ಉಣ್ಣೆ ಮುಟ್ಟಿದವಳೆಂದು ಒಂದು ಮನೆಯವರೂ ಓಲಿವಾಳನ್ನು ಕರೆಯಲಿಲ್ಲ. ನುಂಜಿಯಾ ಕೂಡ ಬೇರೆಯವಳನ್ನು ಕರೆಸಿ, ಓಲಿವಾ ಎದುರಾದಾಗ ತಲೆ ತಗ್ಗಿಸಿದಳು. "ಇರ್ಲಿ ಬಿಡೇ," ಎಂದಳು ಓಲಿವಾ, "ಹಳ್ಳ ಮಾತ್ರ ಹಾಗೇ ಕಾಪಾಡ್ಕೋ." ಆ ಬೇಸಿಗೆ ಅವಳು ಬಲೆ ಹೆಣೆದು, ಹಸಿದುಕೊಂಡೇ ಕಳೆದಳು.

ಚಳಿಗಾಲಕ್ಕೆ ಇಂಗ್ಲಿಷರು ಮರಳಿದಾಗ ಹಾಲ್ಸಿ ಅವರ ಮನೆಮನೆಗೂ ಅವಳ ಹೆಸರು ಹೇಳಿದ. ಅವರಿಗೆ ನಮ್ಮ ಕಟ್ಟಳೆಯ ಹಂಗಿರಲಿಲ್ಲ. ಓಲಿವಾ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು.

"ನಿಮ್ಮ ಮನೆಗಳಲ್ಲಿ ಪ್ರತಿ ಜನವರೀಲೂ ಹಾಸಿಗೆ ಬಿಚ್ಬೇಕು ಡಾಕ್ಟ್ರೇ. ಕಾಯಿಲೆಯವರದ್ದು, ಗಟ್ಟಿಮುಟ್ಟಾಗಿ ಇರೋರದ್ದು, ಅಡುಗೆಯವಳದ್ದು, ಎಲ್ಲಾ."

"ಯಾಕಮ್ಮ? ಉಣ್ಣೆಗೆ ಒಳ್ಳೇದಾ?"

"ಉಣ್ಣೆಗೇನೂ ಇಲ್ಲ. ಮಲಗಿರೋನಿಗೆ ನನ್ನ ಬೆತ್ತ ಕೇಳಿದ್ರೆ, ಯಾರಿಗೋಸ್ಕರ ಬಂದೆ ಅಂತ ಗೊತ್ತಾಗ್ಬಾರ್ದು."

ಹಾಲ್ಸಿ ಹಾಗೇ ಆಗಲಿ ಎಂದ. ಅವನ ಪುಸ್ತಕ ಮತ್ತೆ ಅಚ್ಚಾದಾಗ, ನಡುಚಳಿಗಾಲದಲ್ಲಿ ಹಾಸಿಗೆಯ ಉಣ್ಣೆ ಬಿಚ್ಚಿ ಬಿಸಿಲಿಗೆ ಹಾಕುವುದು ಪೀಸಾದವರ ಹಳೆಯ ರೂಢಿ, ರೋಗಿಗಳು ತಪ್ಪದೆ ಪಾಲಿಸಬೇಕು ಎಂಬ ಸಾಲಿತ್ತಂತೆ. ಮುಂದಿನ ವರ್ಷಗಳಲ್ಲಿ ಬಂದ ಇಂಗ್ಲಿಷರು ತಾವಾಗಿಯೇ ಕೇಳುತ್ತಿದ್ದರು, ಜನವರಿ ಬಂತು, ಹಾಸಿಗೆಯವಳು ಎಲ್ಲಿ ಎಂದು.

ಓಲಿವಾ ಮುದುಕಿಯಾಗಿ ಸತ್ತದ್ದೂ ಒಂದು ಜನವರಿಯಲ್ಲೇ, ಬರೀ ವಯಸ್ಸಿನಿಂದ. ಅವಳ ಹಾಸಿಗೆಯನ್ನು ನಮ್ಮ ಓಣಿಯಲ್ಲೇ ಬಿಚ್ಚಿದೆವು. ಅವಳದೇ ಬೆತ್ತ ಹಿಡಿದು ನುಂಜಿಯಾ ಬಡಿದಳು. ಸದ್ದು ಸೇತುವೆಯವರೆಗೂ ಹೋಯಿತು. ಅಲ್ಲಿ ನಡೆದು ಹೋಗುತ್ತಿದ್ದವರು ಯಾರೂ ಟೊಪ್ಪಿ ತೆಗೆಯಲಿಲ್ಲ. ಓಲಿವಾ ಕೆಲಸಕ್ಕೆ ಹತ್ತಿದ್ದಾಳೆ ಎಂದುಕೊಂಡು ಮುಂದೆ ಹೋದರು.