ಅಕ್ಕನಿಗೆ ಇಷ್ಟವಾಗುವಂಥ ಮೀನು

ತಿಪಟೂರಿನ ನಮ್ಮ ನಡುಮನೆಗೆ ಮೀನಿನ ತೊಟ್ಟಿ ಬಂದದ್ದು ವಾಸ್ತು ಹೇಳುವವನ ಮಾತಿನಿಂದ. ಈಶಾನ್ಯದಲ್ಲಿ ನೀರು ಆಡುತ್ತಿದ್ದರೆ ಕೊಬ್ಬರಿ ಮಂಡಿಗೆ ಒಳ್ಳೆಯದಂತೆ. ಮಂಡಿಗೆ ಏನು ಒಳ್ಳೆಯದಾಯಿತೋ ಕಾಣೆ, ತೊಟ್ಟಿ ಮಾತ್ರ ನನ್ನ ಓರಗಿತ್ತಿಯ ಪಾಲಾಯಿತು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿ, ಮೀನಿನ ಕಾಳಿನ ಡಬ್ಬಿ ಅವರ ಕೈಯಲ್ಲಿ.

ಮೀನು ಸತ್ತರೆ ನಮ್ಮಲ್ಲಿ ಯಾರೂ ಮರುಗುತ್ತಿರಲಿಲ್ಲ. ಮನೆಯವರಿಗೆ ಬರುವ ಕೇಡನ್ನು ತನ್ನ ಮೇಲೆ ಹಾಕಿಕೊಂಡು ಹೋಯಿತು ಎಂದು ಹಿತ್ತಲಿನ ತೆಂಗಿನ ಬುಡದಲ್ಲಿ ಹೂತು, ಕೈಮುಗಿದು ಬರುತ್ತಿದ್ದೆವು.

ತೊಟ್ಟಿಯಲ್ಲಿ ನನ್ನವು ಅಂತ ಇದ್ದದ್ದು ಎರಡು ಏಂಜಲ್ ಮೀನು, ರವಿಕೆ ಹೊಲಿದ ದುಡ್ಡಿನಲ್ಲಿ ತಂದವು. ಮೂರು ತಿಂಗಳಿಗೆ ನನ್ನ ಬಸಿರು ಇಳಿದುಹೋಗಿ, ಹುಳಿಯಾರಿನ ತವರಿನಲ್ಲಿ ಒಂದು ತಿಂಗಳು ಮಲಗಿದ್ದು ಬಂದಾಗ ಅವು ಇರಲಿಲ್ಲ.

"ಸತ್ತೋದ್ವು ಕಣೇ. ನಿಂಗೆ ಬರೋದು ಅವಕ್ಕೋಯ್ತು ಅಂದ್ಕೋ. ನೀನು ಉಳ್ಕಂಡೆ" ಎಂದರು ಅಕ್ಕ.

ನಾನು ನಂಬಿದೆ. ಅವರು ತೋರಿಸಿದ ತೆಂಗಿನ ಬುಡಕ್ಕೆ ಹೋಗಿ ಅತ್ತು ಕೈಮುಗಿದೆ.

ಆಮೇಲೊಂದು ದಿನ ತುರುವೇಕೆರೆಗೆ, ಅಕ್ಕನ ತಮ್ಮನ ಮನೆಯ ನಾಮಕರಣಕ್ಕೆ ಹೋದೆವು. ಬಾಗಿಲ ಪಕ್ಕದ ತೊಟ್ಟಿಯಲ್ಲಿ ನನ್ನ ಎರಡೂ ಮೀನು ಆಡಿಕೊಂಡಿದ್ದವು. ಒಂದರ ರೆಕ್ಕೆಯ ಕೆಳಗಿನ ಹರಕು ನನಗೆ ಗೊತ್ತಿಲ್ಲವೇ? "ನಮ್ಮತ್ತಿಗೆ ಕೊಟ್ಟಿದ್ದು ಕಣ್ರೀ" ಎಂದಳು ಅಕ್ಕನ ತಮ್ಮನ ಹೆಂಡತಿ. ಗಾಜಿಗೆ ಮುಖ ಒತ್ತಿ ನಿಂತೆ. ಎರಡೂ ನನ್ನತ್ತ ತಿರುಗದೆ ಗಿಡದ ಹಿಂದಕ್ಕೆ ಹೋದವು. ಹೋದ ಮಗುವಿನ ಹೆಸರಿನಲ್ಲಿ ನನ್ನ ಕೈಲಿ ಬರೀ ಮಣ್ಣಿಗೆ ಕೈಮುಗಿಸಿದ್ದರಲ್ಲ ಅಕ್ಕ! ಊಟ ಮುಗಿಸಿಕೊಂಡು ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂತು ಬಂದೆ.

ನಮ್ಮೂರಿನ ಬಸ್‌ ಸ್ಟ್ಯಾಂಡಿನ ಬಳಿ ಅರ್ಧ ಎಸ್‌ಟಿಡಿ ಬೂತು, ಅರ್ಧ ಮೀನಿನಂಗಡಿ ಇಟ್ಟುಕೊಂಡಿದ್ದವನೊಬ್ಬ ಇದ್ದ. ತೊಟ್ಟಿಗೆ ಇನ್ನೊಂದು ಮೀನು ಬೇಕು ಎಂದೆ. ಈಗ ಏನೇನಿವೆ ಎಂದು ಕೇಳಿದ. ಗೋಲ್ಡು, ಮೋಲಿ ಎಂದು ಹೇಳಿ, ಮೂಲೆಯಲ್ಲಿ ದಪ್ಪ ತುಟಿಯದೊಂದನ್ನು ತೋರಿಸಿದೆ.

"ಅದು ಬ್ಯಾಡ ಕಣಕ್ಕ. ಬಾಯಿಗಿಡಿಸಿದ್ನೆಲ್ಲ ನುಂಗ್ತದೆ. ಒಂದ್ವಾರಕ್ಕೆ ತೊಟ್ಟಿ ಖಾಲಿ."

ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮ ಮನೆಯಲ್ಲಿ ಸಾವು ಶಿಕ್ಷೆಯಲ್ಲ. ಒಂದೊಂದು ಮೀನು ಸತ್ತಾಗಲೂ ಅಕ್ಕ ಒಂದೊಂದು ಗಂಡಾಂತರ ತಪ್ಪಿತೆಂದು ಇನ್ನಷ್ಟು ಬೀಗುತ್ತಾರೆ. ಅವರ ಕರುಳಿಗೆ ಹತ್ತುವಂಥದ್ದು ಬೇಕಿತ್ತು.

"ಕೈಗೆ ಒಗ್ಗೋ ಮೀನು ಯಾವ್ದು?" ಎಂದೆ.

ಅವನು ಗೌರಾಮಿ ಕೊಟ್ಟ. ಎದೆಯ ಕೆಳಗೆ ಎರಡು ದಾರದಂಥ ಎಳೆ. ನೀರಿಗೆ ಬೆರಳು ಅದ್ದಿದರೆ ಬಂದು ಆ ಎಳೆಗಳಿಂದ ಸವರಿ ನೋಡುವ ಸಾಧು ಜೀವ.

ಹದಿನೈದು ದಿನ ಸಾಕಾಯಿತು. ಬೆಳಿಗ್ಗೆ ವಿಭೂತಿ ಇಟ್ಟುಕೊಂಡ ಕೂಡಲೇ ಅಕ್ಕ ತೊಟ್ಟಿಗೆ ಬೆರಳು ಅದ್ದಿ ನಿಲ್ಲುವರು, ಅದು ಬಂದು ಸವರುವುದು. ಮಕ್ಕಳಿಗೂ ಆಡದ ಮುದ್ದು ಮಾತು ಅದಕ್ಕೆ ಆಡುತ್ತಿದ್ದರು. ಆಡಲಿ, ಬೇರು ಇಳಿಯಲಿ ಎಂದು ನಾನು ವರ್ಷವಿಡೀ ಕಾದೆ.

ಅಕ್ಕ ಬೀದಿಯ ಹೆಂಗಸರ ಜೊತೆ ಶ್ರೀಶೈಲಕ್ಕೆ ಹೋದ ವಾರವೇ ಗೌರಾಮಿಯನ್ನು ನೀರು ತುಂಬಿದ ಕವರಿನಲ್ಲಿ ಕಟ್ಟಿಕೊಂಡು ತುರುವೇಕೆರೆ ಬಸ್ಸು ಹತ್ತಿದೆ. "ಅಕ್ಕ ಕಳಿಸವ್ರೆ. ತವರಲ್ಲಿ ಇರ್ಲಿ ಅಂದ್ರು" ಎಂದು ಅವರ ತಮ್ಮನ ಹೆಂಡತಿಯ ಕೈಗೆ ಕೊಟ್ಟು ಬಂದೆ. ತವರಿಗೆ ಕೊಟ್ಟದ್ದನ್ನು ವಾಪಸು ಕೇಳುವ ಹೆಣ್ಣು ನಮ್ಮ ಕಡೆ ಇಲ್ಲ.

ಅಕ್ಕ ಬಂದು ಚೀಲ ಇಳಿಸುವ ಮೊದಲೇ ಬೆರಳು ಅದ್ದಿದರು.

"ಸತ್ತೋಯ್ತು ಅಕ್ಕ. ನಿಮ್ಗೆ ಬರೋದು ಅದ್ಕೋಯ್ತು ಬುಡಿ" ಎಂದೆ.

ಎಲ್ಲಿ ಹೂತೆ ಎಂದು ಕೇಳಿದರು. ಅದೇ ತೆಂಗಿನ ಮರ ತೋರಿಸಿದೆ. ಅವರು ಹೋಗಿ ಕೈಮುಗಿದು ನಿಂತರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಅಡುಗೆಮನೆಯ ಕಿಟಕಿಯಿಂದ ಕಣ್ತುಂಬ ನೋಡಿದೆ. ಅರ್ಧ ಸೇಡು ತೀರಿತು. ಉಳಿದರ್ಧ ಗೌರಿ ಹಬ್ಬಕ್ಕೆ.

ಹಬ್ಬಕ್ಕೆ ತವರಿಗೆ ಹೋದವರು ಸಂಜೆ ಬಂದರು. ರೇಷ್ಮೆ ಸೀರೆ ಬಿಚ್ಚದೆ ನೇರ ತೊಟ್ಟಿಯ ಮುಂದೆ ಬಂದು ಕೂತರು. ಬೈಯಲಿ, ಅಳಲಿ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು.

ಅಕ್ಕ ನನ್ನ ಕಡೆ ನೋಡಲೇ ಇಲ್ಲ. ತಮ್ಮ ಬೆರಳನ್ನೇ ನೋಡಿಕೊಳ್ಳುತ್ತ ಮೆಲ್ಲಗೆ ಹೇಳಿದರು:

"ಬೆರಳಿಟ್ಟೆ ಕಣೇ. ಓಡಿ ಬಂತು. ನನ್ನ ಮರ್ತಿಲ್ಲ ಅದು."

ನನ್ನ ಎರಡು ಮೀನು ಗಿಡದ ಹಿಂದಕ್ಕೆ ಹೋದದ್ದು ನೆನಪಾಯಿತು. ಅವರ ಮೀನು ಅವರನ್ನು ಗುರುತು ಹಿಡಿಯಿತಲ್ಲ, ಆ ಒಂದಕ್ಕೆ ನಾನು ಅಕ್ಕನನ್ನು ಇವತ್ತಿಗೂ ಕ್ಷಮಿಸಿಲ್ಲ.